ಬ್ರೆಕ್ಸಿಟ್ ನಂತರದ ಯುರೋಪ್: ಯಾವ ಪಾಸ್‌ಪೋರ್ಟಿಗೆ ಎಲ್ಲಿ ಕೆಲಸ?

ಬ್ರಿಟಿಷ್ ಪಾಸ್‌ಪೋರ್ಟ್ ಕೈಗೆ ಬಂದರೆ ಸಾಕು, ಯುರೋಪಿನಲ್ಲಿ ಎಲ್ಲಿ ಬೇಕಾದರೂ ಕೆಲಸಕ್ಕೆ ಸೇರಬಹುದು ಎಂಬ ನಂಬಿಕೆ ನಮ್ಮ ಜನರಲ್ಲಿ ಇನ್ನೂ ಪೂರ್ತಿ ಹೋಗಿಲ್ಲ. ಲಂಡನ್ನಿನಲ್ಲಿ ಮನೆ ಮಾಡಿ ಅಲ್ಲಿನ ಪೌರತ್ವ ಪಡೆದವರ ನಡುವೆ ಮಕ್ಕಳ ಭವಿಷ್ಯದ ಮಾತು ಬಂದಾಗ ‘ಇಲ್ಲಿ ಆಗದಿದ್ದರೆ ಜರ್ಮನಿ ಇದೆಯಲ್ಲ’ ಎನ್ನುವವರಿದ್ದಾರೆ. ಈ ಮಾತು 2020ರ ಡಿಸೆಂಬರ್ 31ರ ರಾತ್ರಿ 11 ಗಂಟೆಯವರೆಗೆ ನಿಜವಾಗಿತ್ತು. ಲಂಡನ್ನಿನಲ್ಲಿ ಹನ್ನೊಂದು ಹೊಡೆದಾಗ ಬ್ರಸೆಲ್ಸ್‌ನಲ್ಲಿ ನಡುರಾತ್ರಿ. ಆ ಹೊತ್ತಿಗೆ ಬ್ರಿಟಿಷ್ ಪೌರರ ಪಾಲಿಗೆ ಐರ್ಲೆಂಡ್ ಬಿಟ್ಟು ಐರೋಪ್ಯ ಒಕ್ಕೂಟದ ಉಳಿದ ದೇಶಗಳಲ್ಲಿ ಕೇಳದೇ ಸಿಗುತ್ತಿದ್ದ ಕೆಲಸದ ಹಕ್ಕು ಮುಗಿಯಿತು.

ನಡೆದದ್ದಿಷ್ಟು. 1973ರಲ್ಲಿ ಐರೋಪ್ಯ ಸಮುದಾಯ ಸೇರಿದ್ದ ಬ್ರಿಟನ್, 2016ರ ಜೂನ್ 23ರ ಜನಮತಗಣನೆಯಲ್ಲಿ ಶೇ 51.9ರಷ್ಟು ಮತಗಳಿಂದ ಹೊರಬರಲು ತೀರ್ಮಾನಿಸಿತು. 2020ರ ಜನವರಿ 31ರಂದು ಹೊರಬಂತು. ಅಲ್ಲಿಂದ ಆ ವರ್ಷದ ಕೊನೆಯವರೆಗೆ ಹಳೆಯ ನಿಯಮಗಳೇ ನಡೆದವು. ಆಮೇಲಿನ ಬದುಕನ್ನು ಎರಡು ಒಪ್ಪಂದಗಳು ಆಳುತ್ತಿವೆ. ನಿರ್ಗಮನ ಒಪ್ಪಂದವು ಆಗಲೇ ಗಡಿ ದಾಟಿ ನೆಲೆಸಿದ್ದವರನ್ನು ಕಾಯುತ್ತದೆ. ವ್ಯಾಪಾರ ಮತ್ತು ಸಹಕಾರ ಒಪ್ಪಂದವು ಹೊಸದಾಗಿ ಹೊರಡುವವರಿಗೆ ಒಂದಿಷ್ಟು ಕಿಂಡಿಗಳನ್ನು ಬಿಟ್ಟಿದೆ.

ಕಳೆದುಹೋದದ್ದು ಎಂಥದ್ದು ಎಂದು ತಿಳಿಯಲು ನಮ್ಮ ಸಂವಿಧಾನದ 19ನೇ ವಿಧಿಯನ್ನು ನೆನೆದರೆ ಸಾಕು. ಹುಬ್ಬಳ್ಳಿಯ ಹುಡುಗ ಪುಣೆಗೆ ಹೋಗಿ ಕೋಣೆ ಹಿಡಿದು ಕೆಲಸ ಹುಡುಕಲು ಮಹಾರಾಷ್ಟ್ರ ಸರ್ಕಾರದ ಅಪ್ಪಣೆ ಬೇಕಿಲ್ಲ. ಕೆಲಸ ಸಿಗದಿದ್ದರೆ ವಾಪಸು ಬರುತ್ತಾನೆ, ಸಿಕ್ಕರೆ ಉಳಿಯುತ್ತಾನೆ. 1957ರ ರೋಮ್ ಒಪ್ಪಂದದಿಂದ ಬೆಳೆದು, 1993ರಲ್ಲಿ ಜಾರಿಗೆ ಬಂದ ಮಾಸ್ಟ್ರಿಕ್ಟ್ ಒಪ್ಪಂದದಲ್ಲಿ ‘ಒಕ್ಕೂಟದ ಪೌರತ್ವ’ವಾಗಿ ಗಟ್ಟಿಯಾದ ಮುಕ್ತ ಸಂಚಾರದ ಹಕ್ಕು ಹೆಚ್ಚುಕಡಿಮೆ ಇದೇ ಬಗೆಯದು. ಮ್ಯಾಂಚೆಸ್ಟರಿನ ಅಡುಗೆಯವನು ಲಿಸ್ಬನ್‌ಗೆ ಹೋಗಿ ಮರುದಿನವೇ ಹೋಟೆಲಿನ ಕೆಲಸಕ್ಕೆ ನಿಲ್ಲಬಹುದಿತ್ತು. ಇಂದು ಅವನಿಗೆ ಬೇಕಾದದ್ದು ಅನುಮತಿ. ಹಕ್ಕು ಮನುಷ್ಯನ ಜೊತೆಗೆ ನಡೆಯುತ್ತದೆ. ಅನುಮತಿ ಉದ್ಯೋಗದಾತನ ಮೇಜಿನ ಮೇಲೆ, ಸಂಬಳದ ಮಿತಿಯಲ್ಲಿ, ವೀಸಾ ಕಚೇರಿಯ ಸಾಲಿನಲ್ಲಿ ಇರುತ್ತದೆ.

ಒಕ್ಕೂಟ ಬಿಟ್ಟ ಮಾತ್ರಕ್ಕೆ ಈ ಹಕ್ಕು ಹೋಗಲೇಬೇಕು ಎಂದೇನಿಲ್ಲ. ಗ್ರೀನ್‌ಲ್ಯಾಂಡ್ 1982ರಲ್ಲಿ ಮತ ಹಾಕಿ 1985ರಲ್ಲಿ ಐರೋಪ್ಯ ಸಮುದಾಯದಿಂದ ಹೊರಬಂತು. ಆದರೆ ಅಲ್ಲಿನವರು ಡೆನ್ಮಾರ್ಕಿನ ಪೌರರಾಗಿಯೇ ಉಳಿದಿದ್ದರಿಂದ ಇಂದಿಗೂ ಒಕ್ಕೂಟದ ಪೌರರೇ. ಪಶ್ಚಿಮ ಆಫ್ರಿಕಾದ ಮಾಲಿ, ನೈಜರ್, ಬುರ್ಕಿನಾ ಫಾಸೊ 2025ರ ಜನವರಿ 29ರಂದು ‘ಇಕೊವಾಸ್’ ಕೂಟ ಬಿಟ್ಟಾಗ ಕೂಟದ ದೇಶಗಳು ಆ ಮೂರೂ ದೇಶದವರ ಪಾಸ್‌ಪೋರ್ಟನ್ನು ಸದ್ಯಕ್ಕೆ ಮೊದಲಿನಂತೆಯೇ ಮಾನ್ಯ ಮಾಡಲು ಒಪ್ಪಿದವು. ಆದರೆ ಬ್ರಿಟನ್ನಿನಲ್ಲಿ ಮುಕ್ತ ಸಂಚಾರ ನಿಲ್ಲಿಸುವುದೇ ಹೊರಬರುವ ಉದ್ದೇಶಗಳಲ್ಲಿ ಒಂದಾಗಿತ್ತು. 2004ರಲ್ಲಿ ಪೋಲೆಂಡ್ ಮೊದಲಾದ ದೇಶಗಳು ಸೇರಿದಾಗ ಮೊದಲ ದಿನದಿಂದಲೇ ಬಾಗಿಲು ತೆರೆದ ಮೂರು ದೇಶಗಳಲ್ಲಿ ಬ್ರಿಟನ್ ಒಂದು. ಬಂದವರ ಸಂಖ್ಯೆ ಸರ್ಕಾರದ ಅಂದಾಜನ್ನು ಮೀರಿತು. ಆ ಅಸಮಾಧಾನ ಜನಮತಗಣನೆಯವರೆಗೆ ಹರಿದುಬಂತು. ಆದರೆ ಪೋಲೆಂಡಿನವರು ಇತ್ತ ಬರುವ ಬಾಗಿಲು ಹಾಕಿದರೆ ತಮ್ಮ ಮಕ್ಕಳು ಅತ್ತ ಹೋಗುವ ಬಾಗಿಲೂ ಹಾಕಿಕೊಳ್ಳುತ್ತದೆ ಎಂಬುದನ್ನು ಮತದಾರರಿಗೆ ಯಾರೂ ಸರಿಯಾಗಿ ಬಿಡಿಸಿ ಹೇಳಲಿಲ್ಲ ಎಂಬುದು ನನ್ನ ಅಭಿಪ್ರಾಯ.

‘ನಾವು ಒಮ್ಮೆ ಒಕ್ಕೂಟದ ಪೌರರಾಗಿದ್ದೆವು, ಅದನ್ನು ಕಸಿಯುವುದು ಹೇಗೆ?’ ಎಂಬ ಪ್ರಶ್ನೆ ಕೋರ್ಟಿಗೂ ಹೋಯಿತು. ಫ್ರಾನ್ಸಿನಲ್ಲಿ ನೆಲೆಸಿದ್ದ ಬ್ರಿಟಿಷ್ ಮಹಿಳೆಯೊಬ್ಬರು ಸ್ಥಳೀಯ ಚುನಾವಣೆಯ ಮತದಾರರ ಪಟ್ಟಿಯಿಂದ ತಮ್ಮನ್ನು ಕೈಬಿಟ್ಟಿದ್ದನ್ನು ಪ್ರಶ್ನಿಸಿದರು. 2022ರ ಜೂನ್‌ನಲ್ಲಿ ಒಕ್ಕೂಟದ ನ್ಯಾಯಾಲಯ ಸ್ಪಷ್ಟವಾಗಿ ಹೇಳಿತು: ಒಕ್ಕೂಟದ ಪೌರತ್ವ ಸದಸ್ಯ ದೇಶದ ಪೌರತ್ವದ ಬಾಲ ಹಿಡಿದೇ ಬರುತ್ತದೆ, ದೇಶ ಹೋದರೆ ಅದೂ ಹೋಗುತ್ತದೆ.

ಆ ದಿನ ನೀವು ಎಲ್ಲಿ ವಾಸವಾಗಿದ್ದಿರಿ?

ಎಲ್ಲ ಲೆಕ್ಕವೂ ಈ ಪ್ರಶ್ನೆಯಿಂದಲೇ ಶುರುವಾಗುತ್ತದೆ. 2020ರ ಡಿಸೆಂಬರ್ 31ರೊಳಗೆ ಒಕ್ಕೂಟದ ಯಾವುದಾದರೂ ದೇಶದಲ್ಲಿ ಕಾನೂನುಬದ್ಧವಾಗಿ ವಾಸವಿದ್ದ ಬ್ರಿಟಿಷ್ ಪೌರರಿಗೆ ಆ ದೇಶದಲ್ಲಿ ಇರುವ, ದುಡಿಯುವ, ಓದುವ ಹಕ್ಕು ಉಳಿದಿದೆ. ಐದು ವರ್ಷ ತುಂಬಿದರೆ ಶಾಶ್ವತ ವಾಸದ ಹಕ್ಕು. ಫ್ರಾನ್ಸ್, ನೆದರ್ಲೆಂಡ್ಸ್, ಬೆಲ್ಜಿಯಂ, ಸ್ವೀಡನ್ ಮುಂತಾದ ಕಡೆ ಇದಕ್ಕಾಗಿ ಗಡುವಿನೊಳಗೆ ಹೊಸ ಅರ್ಜಿ ಹಾಕಲೇಬೇಕಿತ್ತು. ಜರ್ಮನಿ, ಸ್ಪೇನ್, ಇಟಲಿ, ಪೋರ್ಚುಗಲ್‌ಗಳಲ್ಲಿ ಹಕ್ಕು ತಾನಾಗಿಯೇ ಮುಂದುವರಿಯಿತು. ಅದನ್ನು ತೋರಿಸುವ ಕಾರ್ಡ್ ಪಡೆದರೆ ಆಯಿತು.

ಅನೇಕರು ಎಡವುವುದು ಇಲ್ಲಿ: ಈ ಹಕ್ಕು ಆ ಒಂದೇ ದೇಶಕ್ಕೆ ಸೀಮಿತ. ಸ್ಪೇನಿನಲ್ಲಿ ಈ ರಕ್ಷಣೆ ಪಡೆದವರು ಗಡಿಯಾಚೆ ಫ್ರಾನ್ಸಿನಲ್ಲಿ ಕೆಲಸ ಸಿಕ್ಕಿತೆಂದು ಹಾಗೇ ಹೋಗುವಂತಿಲ್ಲ. ಐದು ವರ್ಷ ಒಂದೇ ಕಡೆ ವಾಸ ಮುಗಿಸಿದವರು ‘ಒಕ್ಕೂಟದ ದೀರ್ಘಕಾಲೀನ ನಿವಾಸಿ’ ಎಂಬ ಬೇರೆ ಸ್ಥಾನಮಾನಕ್ಕೆ ಅರ್ಜಿ ಹಾಕಬಹುದು. ಅದು ಸಿಕ್ಕರೆ ಇನ್ನೊಂದು ಸದಸ್ಯ ದೇಶಕ್ಕೆ ಹೋಗುವುದು ಸಲೀಸು, ಆದರೂ ಅಲ್ಲಿ ಮತ್ತೆ ಪರವಾನಗಿ ಕೇಳಬೇಕು. ಒಂದು ದೇಶದಲ್ಲಿ ಮನೆ, ಇನ್ನೊಂದರಲ್ಲಿ ಕೆಲಸ ಎಂದು ಆಗಲೇ ಓಡಾಡುತ್ತಿದ್ದವರಿಗೆ ಗಡಿ ಕಾರ್ಮಿಕರೆಂಬ ರಕ್ಷಣೆ ಇದೆ. ಸ್ಪೇನಿನ ತುದಿಯಲ್ಲಿರುವ ಬ್ರಿಟಿಷ್ ಪ್ರದೇಶ ಜಿಬ್ರಾಲ್ಟರಿಗೆ ಸ್ಪೇನಿನಿಂದ ದಿನವೂ ಸುಮಾರು 15,000 ಜನ ದುಡಿಯಲು ಬರುತ್ತಾರೆ. ಅಲ್ಲಿನ ಗಡಿ ತಪಾಸಣೆ ತೆಗೆಯುವ ರಾಜಕೀಯ ಒಪ್ಪಂದ ಕುದುರಿದ್ದು 2025ರ ಜೂನ್‌ನಲ್ಲಿ. ಜನಮತಗಣನೆ ಆಗಿ ಅಷ್ಟರಲ್ಲಿ ಹೆಚ್ಚುಕಡಿಮೆ ಒಂಬತ್ತು ವರ್ಷ ಸಂದಿದ್ದವು.

ಇನ್ನು ಬ್ರಿಟನ್ನಿನಲ್ಲಿದ್ದ ಯುರೋಪಿನವರ ಕಥೆ. ಅವರಲ್ಲಿ ಬಹುತೇಕರು ‘ಇ.ಯು. ಸೆಟಲ್‌ಮೆಂಟ್ ಸ್ಕೀಮ್’ ಅಡಿಯಲ್ಲಿ 2021ರ ಜೂನ್ 30ರೊಳಗೆ ಅರ್ಜಿ ಹಾಕಬೇಕಿತ್ತು. ಐದು ವರ್ಷ ವಾಸ ಆದವರಿಗೆ ‘ಸೆಟಲ್ಡ್’, ಆಗದವರಿಗೆ ‘ಪ್ರೀ-ಸೆಟಲ್ಡ್’ ಸ್ಥಾನ. 60 ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದವು, ಸರ್ಕಾರದ ನಿರೀಕ್ಷೆಗಿಂತ ಬಹಳ ಜಾಸ್ತಿ. ಪ್ರೀ-ಸೆಟಲ್ಡ್ ಇದ್ದವರು ಸಮಯಕ್ಕೆ ಎರಡನೇ ಅರ್ಜಿ ಹಾಕದಿದ್ದರೆ ಎಲ್ಲ ಹಕ್ಕೂ ಹೋಗುತ್ತದೆ ಎಂಬ ನಿಯಮ ಕಾನೂನಿಗೆ ವಿರುದ್ಧ ಎಂದು ಲಂಡನ್ನಿನ ಹೈಕೋರ್ಟ್ 2022ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟ ಮೇಲೆ, ಅವಧಿ ತಾನಾಗಿ ಮುಂದುವರಿಯುವ ಏರ್ಪಾಡಾಯಿತು. ಹಾಗೆಂದು ಸುಮ್ಮನೆ ಕೂರುವುದು ಜಾಣತನವಲ್ಲ. ಐದು ವರ್ಷ ತುಂಬಿದವರು ಸೆಟಲ್ಡ್‌ಗೆ ಬದಲಾಯಿಸಿಕೊಳ್ಳುವುದೇ ಒಳ್ಳೆಯದು.

ಈ ವಿಷಯ ನಮ್ಮ ನೆರೆಯ ಗೋವಾದವರಿಗೆ ಬಹಳ ಹತ್ತಿರದ್ದು. 1961ರ ಡಿಸೆಂಬರ್ 19ಕ್ಕೆ ಮುನ್ನ ಪೋರ್ಚುಗೀಸ್ ಆಳ್ವಿಕೆಯ ಗೋವಾದಲ್ಲಿ ಹುಟ್ಟಿದವರು, ಅವರ ಮಕ್ಕಳು, ಮೊಮ್ಮಕ್ಕಳು ಲಿಸ್ಬನ್‌ನಲ್ಲಿ ಜನನ ನೋಂದಣಿ ಮಾಡಿಸಿ ಪೋರ್ಚುಗಲ್ ಪೌರತ್ವ ಪಡೆಯಲು ಅವಕಾಶವಿತ್ತು. ಹಾಗೆ ಪಡೆದ ಅನೇಕರು ಪೋರ್ಚುಗಲ್‌ನಲ್ಲಿ ನಿಲ್ಲದೆ ಇಂಗ್ಲೆಂಡಿನ ಸ್ವಿಂಡನ್, ಸೌತಾಲ್‌ಗಳಲ್ಲಿ ನೆಲೆಯಾದರು. ಕಾರಣ ಸ್ಪಷ್ಟ: ಪೋರ್ಚುಗಲ್ ಪಾಸ್‌ಪೋರ್ಟಿಗೆ ಬ್ರಿಟನ್ನಿನ ಕೆಲಸ ತೆರೆದಿತ್ತು, ಇಂಗ್ಲಿಷ್ ಅವರಿಗೆ ಬರುತ್ತಿತ್ತು. 2020ರೊಳಗೆ ಹೋಗಿ ಅರ್ಜಿ ಹಾಕಿದವರು ಉಳಿದುಕೊಂಡರು. ಇಂದು ಅದೇ ಪಾಸ್‌ಪೋರ್ಟ್ ಹಿಡಿದು ಹೊರಡುವವರು ಡಬ್ಲಿನ್‌ಗೆ, ಬರ್ಲಿನ್‌ಗೆ ಹೋಗಿ ದುಡಿಯಬಹುದು. ಲಂಡನ್ನಿಗೆ ವೀಸಾ ಬೇಕು. ಇಷ್ಟಕ್ಕೆ ಅವರು ಕೊಟ್ಟ ಬೆಲೆ ಭಾರತದ ಪೌರತ್ವ. ನಮ್ಮ ಕಾನೂನಿನಲ್ಲಿ ಎರಡು ದೇಶದ ಪೌರತ್ವಕ್ಕೆ ಜಾಗವಿಲ್ಲ.

ಈಗ ಹೊರಡುವ ಬ್ರಿಟಿಷ್ ಪೌರರಿಗೆ

ಒಳಗಡಿಗಳಲ್ಲಿ ತಪಾಸಣೆಯಿಲ್ಲದ ಷೆಂಗೆನ್ ಪ್ರದೇಶದಲ್ಲಿ ಯಾವುದೇ 180 ದಿನಗಳಲ್ಲಿ 90 ದಿನ ವೀಸಾ ಇಲ್ಲದೆ ಇರಬಹುದು. ಇದು ತಿರುಗಾಟಕ್ಕೆ, ದುಡಿಮೆಗಲ್ಲ. ಸಭೆಗೆ ಹೋಗುವುದು, ವ್ಯಾಪಾರ ಮೇಳ ನೋಡುವುದು, ಮಾತುಕತೆ ನಡೆಸುವುದು ಸಾಮಾನ್ಯವಾಗಿ ನಡೆಯುತ್ತದೆ. ಅಲ್ಲಿಯ ಗ್ರಾಹಕರಿಗೆ ಸೇವೆ ಕೊಟ್ಟು ಹಣ ಪಡೆಯುವುದು ನಡೆಯುವುದಿಲ್ಲ. ಸ್ಪೇನಿನ ಕಡಲತೀರದಲ್ಲಿ ಎರಡು ತಿಂಗಳು ಲ್ಯಾಪ್‌ಟಾಪ್ ತೆರೆದು ಕೂರುವ ಯೋಚನೆ ಇದ್ದವರೂ ಎಚ್ಚರ ವಹಿಸಬೇಕು. ಅದಕ್ಕೆಂದೇ ಪೋರ್ಚುಗಲ್ 2022ರಿಂದ, ಸ್ಪೇನ್ 2023ರಿಂದ ಬೇರೆ ವೀಸಾ ಕೊಡುತ್ತಿವೆ. ಮುದ್ರೆ ಸರಿಯಾಗಿ ಬಿದ್ದಿಲ್ಲ ಎಂದು ದಿನಗಳನ್ನು ಜಾರಿಸಿಕೊಳ್ಳುವ ಕಾಲವೂ ಮುಗಿದಿದೆ. 2025ರ ಅಕ್ಟೋಬರ್ 12ರಿಂದ ಗಡಿಗಳಲ್ಲಿ ಬೆರಳಚ್ಚು, ಮುಖದ ಚಿತ್ರ ತೆಗೆದು ದಿನ ಎಣಿಸುವ ಕಂಪ್ಯೂಟರ್ ವ್ಯವಸ್ಥೆ ಹಂತಹಂತವಾಗಿ ಬಂದಿದೆ.

ದುಡಿಯಲೇ ಹೋಗುವವರಿಗೆ ಒಂದೊಂದು ದೇಶಕ್ಕೂ ಒಂದೊಂದು ನಿಯಮ. ವ್ಯಾಪಾರ ಮತ್ತು ಸಹಕಾರ ಒಪ್ಪಂದದಡಿ ಕಂಪನಿಯೊಳಗಿನ ವರ್ಗಾವಣೆಯಾದರೆ ಮ್ಯಾನೇಜರ್ ಮತ್ತು ಪರಿಣತರಿಗೆ ಮೂರು ವರ್ಷದವರೆಗೆ ಅವಕಾಶವಿದೆ. ಗುತ್ತಿಗೆಯ ಮೇಲೆ ಸೇವೆ ಕೊಡಲು ಹೋಗುವ ಕಂಪನಿ ನೌಕರರಿಗೆ ಪದವಿಯ ಜೊತೆಗೆ ಮೂರು ವರ್ಷದ ಅನುಭವ, ಸ್ವತಂತ್ರವಾಗಿ ದುಡಿಯುವವರಿಗೆ ಆರು ವರ್ಷದ ಅನುಭವ ಬೇಕು. ಉಳಿದವರು ಆ ದೇಶದ ಉದ್ಯೋಗ ಪರವಾನಗಿಯನ್ನೋ, ಹೆಚ್ಚಿನ ಸಂಬಳದ ಕೆಲಸವಿದ್ದರೆ ಒಕ್ಕೂಟದ ‘ಬ್ಲೂ ಕಾರ್ಡ್’ ಅನ್ನೋ ನೋಡಬೇಕು. ಅಂದರೆ ಬ್ರಿಟಿಷ್ ಪಾಸ್‌ಪೋರ್ಟ್ ಇರುವ ನಮ್ಮವರ ಮಗಳೂ, ಬೆಂಗಳೂರಿನಿಂದ ನೇರವಾಗಿ ಹೊರಟ ಎಂಜಿನಿಯರೂ ಬರ್ಲಿನ್ನಿನ ಕೆಲಸಕ್ಕೆ ಇಂದು ಒಕ್ಕೂಟದ ಹೊರಗಿನ ‘ಮೂರನೇ ದೇಶದವರೇ’.

ವೃತ್ತಿ ಅರ್ಹತೆಯ ಮಾತು ಬೇರೆ. ವೈದ್ಯರು, ದಾದಿಯರು, ದಂತವೈದ್ಯರು, ವಾಸ್ತುಶಿಲ್ಪಿಗಳ ಬ್ರಿಟಿಷ್ ಅರ್ಹತೆ ಒಕ್ಕೂಟದಲ್ಲಿ ತಾನಾಗಿ ಮಾನ್ಯವಾಗುತ್ತಿದ್ದದ್ದು 2020ರ ಕೊನೆಗೆ ನಿಂತಿತು. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್.ಎಚ್.ಎಸ್.ನಲ್ಲಿರುವ ಕನ್ನಡದ ವೈದ್ಯರು ಅಲ್ಲಿಯ ವೈದ್ಯಕೀಯ ಮಂಡಳಿಯ ನೋಂದಣಿ ಇದೆ ಎಂಬ ಧೈರ್ಯದಲ್ಲಿ ಜರ್ಮನಿಯ ಆಸ್ಪತ್ರೆಗೆ ಹೊರಡುವಂತಿಲ್ಲ. ಅಲ್ಲಿ ಅರ್ಹತೆಯ ತಪಾಸಣೆ ಇದೆ, ವೈದ್ಯಕೀಯ ಜರ್ಮನ್ ಪರೀಕ್ಷೆ ಇದೆ. ಬ್ರಿಟನ್ನಿನ ಪೈಲಟ್ ಲೈಸೆನ್ಸ್ ಕೂಡ ಒಕ್ಕೂಟದಲ್ಲಿ ನೋಂದಾದ ವಿಮಾನ ಹಾರಿಸಲು ಸಾಲದು. ವೀಸಾಕ್ಕಿಂತ ಮೊದಲು ಈ ಮಾನ್ಯತೆಯ ಕೆಲಸ ಶುರುಮಾಡಿ, ಏಕೆಂದರೆ ತಿಂಗಳುಗಟ್ಟಲೆ ಎಳೆಯುವುದು ಇದೇ.

ಈ ಬದಲಾವಣೆಯಲ್ಲಿ ಹೆಚ್ಚು ಕಳೆದುಕೊಂಡವರು ಯಾರು? ಬ್ಯಾಂಕಿನ ದೊಡ್ಡ ಅಧಿಕಾರಿಗಳಲ್ಲ, ಅವರ ವೀಸಾವನ್ನು ಬ್ಯಾಂಕೇ ಮಾಡಿಸುತ್ತದೆ. ಆಲ್ಪ್ಸ್ ಪರ್ವತದ ಹೋಟೆಲುಗಳಲ್ಲಿ ಒಂದು ಚಳಿಗಾಲ ದುಡಿದು ಫ್ರೆಂಚ್ ಕಲಿತು ಬರುತ್ತಿದ್ದ ಹತ್ತೊಂಬತ್ತರ ಹುಡುಗಿ, ವ್ಯಾನಿನಲ್ಲಿ ವಾದ್ಯ ತುಂಬಿಕೊಂಡು ಮೂರು ದೇಶ ಸುತ್ತುತ್ತಿದ್ದ ಸಂಗೀತಗಾರರು, ಸ್ನೇಹಿತನ ಮನೆಯ ಸೋಫಾದ ಮೇಲೆ ಮಲಗಿ ಕೆಲಸ ಹುಡುಕುತ್ತಿದ್ದ ಹೊಸ ಪದವೀಧರ — ಇವರಿಗಾಗಿ ಯಾವ ಮಾಲೀಕನೂ ಪರವಾನಗಿಯ ಖರ್ಚು ಹಾಕುವುದಿಲ್ಲ. ಹಕ್ಕಿನ ಜಾಗಕ್ಕೆ ಅನುಮತಿ ಬಂದಾಗ ಹಣವಿಲ್ಲದವರು, ಇನ್ನೂ ಹೆಸರು ಮಾಡದವರು ಮೊದಲು ಹೊರಗುಳಿಯುತ್ತಾರೆ. ಇದು ನನಗೆ ಬಹಳ ನೋವಿನ ಸಂಗತಿ. 2025ರ ಮೇ 19ರಂದು ಲಂಡನ್ನಿನಲ್ಲಿ ನಡೆದ ಬ್ರಿಟನ್–ಒಕ್ಕೂಟ ಶೃಂಗಸಭೆ, ಯುವಜನರಿಗೆ ಸೀಮಿತ ಅವಧಿಯ ಓದು–ದುಡಿಮೆಯ ಯೋಜನೆಯೊಂದನ್ನು ರೂಪಿಸಲು ಒಪ್ಪಿದ್ದು ಈ ಕೊರತೆಯನ್ನು ಎರಡೂ ಕಡೆಯವರು ಕಂಡುಕೊಂಡದ್ದರ ಗುರುತು.

ಬ್ರಿಟನ್ನಿನ ಒಳಗೂ ಪೆಟ್ಟು ಬಿತ್ತು. 2021ರ ಶರತ್ಕಾಲದಲ್ಲಿ ಲಾರಿ ಚಾಲಕರಿಲ್ಲದೆ ಪೆಟ್ರೋಲ್ ಬಂಕುಗಳ ಮುಂದೆ ಸಾಲು ಬೆಳೆದಾಗ ಸರ್ಕಾರ 5,000 ತಾತ್ಕಾಲಿಕ ಚಾಲಕರ ವೀಸಾ ಘೋಷಿಸಿತು. ಕೆಲವೇ ತಿಂಗಳ ವೀಸಾಕ್ಕೆ ಕೈಲಿದ್ದ ಕೆಲಸ ಬಿಟ್ಟು ಬರಲು ಯುರೋಪಿನ ಚಾಲಕರು ಮುಗಿಬೀಳಲಿಲ್ಲ.

ಭಾರತದ ಪಾಸ್‌ಪೋರ್ಟ್ ಇರುವವರಿಗೆ

ನಮಗೆ ಆ ಹಕ್ಕು ಎಂದೂ ಇರಲಿಲ್ಲ, ಹಾಗಾಗಿ ಕಳೆದುಕೊಂಡದ್ದು ಏನೂ ಇಲ್ಲ ಎನ್ನುವವರು ಎರಡು ವಿಷಯ ಗಮನಿಸಬೇಕು.

ಒಂದು, ಕುಟುಂಬದ ದಾರಿ. ಸುರಿಂದರ್ ಸಿಂಗ್ ಎಂಬ ಭಾರತೀಯರ ಹೆಸರು ಯುರೋಪಿನ ವಲಸೆ ಕಾನೂನಿನಲ್ಲಿ ಶಾಶ್ವತವಾಗಿ ಉಳಿದಿದೆ. ಬ್ರಿಟಿಷ್ ಮಹಿಳೆಯನ್ನು ಮದುವೆಯಾಗಿದ್ದ ಅವರು ಹೆಂಡತಿಯೊಂದಿಗೆ ಜರ್ಮನಿಯಲ್ಲಿ ದುಡಿದು ಬ್ರಿಟನ್ನಿಗೆ ಮರಳಿದ್ದರು. ಒಕ್ಕೂಟದ ಬೇರೆ ದೇಶದಲ್ಲಿ ದುಡಿದು ತವರಿಗೆ ಮರಳುವ ಪೌರರು ತಮ್ಮ ಸಂಗಾತಿಯನ್ನು ಒಕ್ಕೂಟದ ಕಾನೂನಿನ ಅಡಿಯಲ್ಲೇ ಕರೆತರಬಹುದು ಎಂದು 1992ರಲ್ಲಿ ಆ ಪ್ರಕರಣದಲ್ಲಿ ತೀರ್ಪಾಯಿತು. ಬ್ರಿಟನ್ನಿನ ಕಠಿಣ ಸಂಗಾತಿ ವೀಸಾ ನಿಯಮದಿಂದ ಬೇರೆಯಾಗಿ ವಾಸಿಸಬೇಕಿದ್ದ ಎಷ್ಟೋ ದಂಪತಿಗಳು ಈ ದಾರಿಯಿಂದ ಒಂದಾದರು. ಬ್ರಿಟಿಷ್ ಪೌರರ ಸಂಗಾತಿಗಳಿಗೆ ಆ ದಾರಿ ಈಗ ಮುಚ್ಚಿದೆ.

ಎರಡು, ಬೆಂಗಳೂರಿನ ಐಟಿ ನೌಕರರಿಗೆ ನೇರವಾಗಿ ತಾಗುವ ವಿಷಯ. ಒಕ್ಕೂಟದ ಒಂದು ದೇಶದ ಕಂಪನಿ ತನ್ನ ಕಾಯಂ ನೌಕರನನ್ನು, ಅವನು ಯಾವ ದೇಶದವನೇ ಆಗಲಿ, ಇನ್ನೊಂದು ಸದಸ್ಯ ದೇಶದ ಗ್ರಾಹಕರ ಕೆಲಸಕ್ಕೆ ಅಲ್ಲಿನ ಉದ್ಯೋಗ ಪರವಾನಗಿ ಇಲ್ಲದೆ ಕಳಿಸಬಹುದು ಎಂದು 1994ರ ವಾಂಡರ್ ಎಲ್ಸ್ಟ್ ತೀರ್ಪು ಹೇಳಿತ್ತು. ಲಂಡನ್ ಶಾಖೆಯಲ್ಲಿದ್ದ ಭಾರತೀಯ ಎಂಜಿನಿಯರ್ ಆಮ್ಸ್ಟರ್‌ಡ್ಯಾಮಿನ ಗ್ರಾಹಕರ ಕಚೇರಿಗೆ ಹೀಗೆ ಹೋಗಿಬರಬಹುದಿತ್ತು. ಬ್ರಿಟನ್ನಿನಿಂದ ಇನ್ನು ಅದು ಇಲ್ಲ. ‘ಎರಡು ವಾರ ಕ್ಲೈಂಟ್ ಸೈಟಿಗೆ ಹೋಗಿ ಬಾ’ ಎಂದು ಮ್ಯಾನೇಜರ್ ಹೇಳಿದರೆ, ಕೇವಲ ಷೆಂಗೆನ್ ವೀಸಾ ಸಾಕೇ ಅಥವಾ ಕೆಲಸದ ಪರವಾನಗಿ ಬೇಕೇ ಎಂದು ಕಂಪನಿಯ ವಲಸೆ ವಿಭಾಗದಿಂದ ಬರಹದಲ್ಲಿ ಕೇಳಿ ಪಡೆಯಿರಿ. ತಪ್ಪಾದರೆ ಗಡಿಯಲ್ಲಿ ನಿಲ್ಲುವವರು ನೀವೇ ಹೊರತು ಮ್ಯಾನೇಜರ್ ಅಲ್ಲ.

ಬ್ರೆಕ್ಸಿಟ್‌ನಿಂದ ಭಾರತೀಯರಿಗೆ ಲಾಭವಾಯಿತೇ ಎಂದರೆ, ಕೆಲಕಾಲ ಆಯಿತು. 2021ರ ಜನವರಿಯಿಂದ ಬ್ರಿಟನ್ನಿನಲ್ಲಿ ಯುರೋಪಿನವರಿಗೂ ನಮಗೂ ಅಂಕಗಳ ಆಧಾರದ ಒಂದೇ ವೀಸಾ ಪದ್ಧತಿ ಬಂತು. ಆಸ್ಪತ್ರೆಗಳು ಸ್ಪೇನ್, ರುಮೇನಿಯಾದ ದಾದಿಯರ ಬದಲು ಕೇರಳ, ಕರ್ನಾಟಕದ ದಾದಿಯರತ್ತ ನೋಡಿದವು. ಆಮೇಲೆ ಬಿಗಿ ಶುರುವಾಯಿತು. ‘ಸ್ಕಿಲ್ಡ್ ವರ್ಕರ್’ ವೀಸಾದ ಸಾಮಾನ್ಯ ಸಂಬಳ ಮಿತಿ ಮೊದಲು 25,600 ಪೌಂಡ್ ಇದ್ದದ್ದು 2024ರ ಏಪ್ರಿಲ್‌ನಲ್ಲಿ 38,700ಕ್ಕೆ, 2025ರ ಜುಲೈ 22ರಿಂದ 41,700ಕ್ಕೆ ಏರಿತು. ಅದೇ ದಿನ ವೃದ್ಧರ ಆರೈಕೆ ಕೆಲಸಕ್ಕೆ ಹೊರದೇಶದಿಂದ ನೇಮಿಸಿಕೊಳ್ಳುವುದು ನಿಂತಿತು. ಈ ವೀಸಾದಲ್ಲಿ ಕೆಲಸ ಹೋದರೆ ಸಾಮಾನ್ಯವಾಗಿ 60 ದಿನದೊಳಗೆ ವೀಸಾಕ್ಕೆ ಹೊಣೆ ಹೊರುವ ಇನ್ನೊಬ್ಬ ಉದ್ಯೋಗದಾತರನ್ನು, ಅಂದರೆ ಪ್ರಾಯೋಜಕರನ್ನು, ಹುಡುಕಬೇಕು. 18ರಿಂದ 30 ವರ್ಷದೊಳಗಿನ ಪದವೀಧರರಿಗೆ 2023ರಲ್ಲಿ ಶುರುವಾದ ‘ಯಂಗ್ ಪ್ರೊಫೆಷನಲ್ಸ್ ಸ್ಕೀಮ್’ ಇದೆ: ವರ್ಷಕ್ಕೆ ಸುಮಾರು 3,000 ಜಾಗ, ಲಾಟರಿಯಲ್ಲಿ ಆಯ್ಕೆ, ಎರಡು ವರ್ಷ ವಾಸ, ಪ್ರಾಯೋಜಕರು ಬೇಡ. ಲಾಟರಿಗೆ ಹೆಸರು ಹಾಕಲು ಶುಲ್ಕವಿಲ್ಲ. ಅದಕ್ಕೂ ಹಣ ಕೇಳುವ ಏಜೆಂಟ್ ಸಿಕ್ಕರೆ ದೂರ ಇಡಿ.

ಯುರೋಪಿನ ಒಳಗೆ ಓಡಾಡುವ ಆಸೆ ಇದ್ದವರು ಬ್ಲೂ ಕಾರ್ಡ್ ಬಗ್ಗೆ ಯೋಚಿಸಬೇಕು. ಒಂದು ದೇಶದಲ್ಲಿ 12 ತಿಂಗಳು ದುಡಿದ ಮೇಲೆ ಇನ್ನೊಂದು ದೇಶದ ಕೆಲಸಕ್ಕೆ ಸರಳ ವಿಧಾನದಲ್ಲಿ ಬದಲಾಗಬಹುದು. ಡೆನ್ಮಾರ್ಕ್, ಐರ್ಲೆಂಡ್ ಇದರಲ್ಲಿ ಇಲ್ಲ.

ಐರ್ಲೆಂಡಿನ ವಿಶೇಷ

ಬ್ರೆಕ್ಸಿಟ್ ನಂತರ ಎರಡೂ ಕಡೆ ಬಾಗಿಲು ತೆರೆದಿರುವ ಪಾಸ್‌ಪೋರ್ಟ್ ಐರ್ಲೆಂಡಿನದು. ಒಕ್ಕೂಟದ ಸದಸ್ಯನಾದ್ದರಿಂದ 27 ದೇಶಗಳೂ, ಬ್ರಿಟನ್ ಜೊತೆಗಿನ ಹಳೆಯ ‘ಕಾಮನ್ ಟ್ರಾವೆಲ್ ಏರಿಯಾ’ ಏರ್ಪಾಡಿನಿಂದ ಬ್ರಿಟನ್ನೂ ಐರಿಷ್ ಪೌರರಿಗೆ ತೆರೆದಿವೆ. 2019ರ ಮೇ ತಿಂಗಳಲ್ಲಿ ಎರಡೂ ಸರ್ಕಾರಗಳು ಇದನ್ನು ಬರಹದಲ್ಲಿ ದೃಢಪಡಿಸಿದವು. ಅಜ್ಜನೋ ಅಜ್ಜಿಯೋ ಐರ್ಲೆಂಡಿನಲ್ಲಿ ಹುಟ್ಟಿದ್ದ ಬ್ರಿಟಿಷರು ಜನಮತಗಣನೆಯ ಬೆನ್ನಿಗೇ ಆ ಪಾಸ್‌ಪೋರ್ಟಿಗೆ ಮುಗಿಬಿದ್ದರು.

ಡಬ್ಲಿನ್ನಿನಲ್ಲಿ ದುಡಿಯುವ ನಮ್ಮವರಿಗೆ ಒಂಬತ್ತು ವರ್ಷಗಳಲ್ಲಿ ಒಟ್ಟು ಐದು ವರ್ಷದ ವಾಸ, ಅದರಲ್ಲಿ ಕೊನೆಯ ಒಂದು ವರ್ಷ ಸತತವಾಗಿ ಇದ್ದರೆ ಪೌರತ್ವಕ್ಕೆ ಅರ್ಜಿ ಹಾಕಲು ಅವಕಾಶವಿದೆ. ವಿದ್ಯಾರ್ಥಿ ಪರವಾನಗಿಯಲ್ಲಿ ಕಳೆದ ವರ್ಷಗಳು ಈ ಲೆಕ್ಕಕ್ಕೆ ಬರುವುದಿಲ್ಲ. ಇದು ಗೊತ್ತಿಲ್ಲದೆ ದಿನ ಎಣಿಸುವವರಿದ್ದಾರೆ. ಪೌರತ್ವ ಸಿಗುವವರೆಗೆ ಐರ್ಲೆಂಡಿನ ವಾಸದ ಪರವಾನಗಿ ಬ್ರಿಟನ್ನಿಗೆ ಸೇರಿದ ಬೆಲ್ಫಾಸ್ಟಿನಲ್ಲಿ ದುಡಿಯಲು ನಡೆಯುವುದಿಲ್ಲ, ಬ್ರಿಟನ್ನಿನ ಶಾಶ್ವತ ವಾಸದ ಅನುಮತಿ ಡಬ್ಲಿನ್ನಿನಲ್ಲಿ ನಡೆಯುವುದಿಲ್ಲ. ಪೌರತ್ವ ಬದಲಾಯಿಸುವ ಮುಂಚೆ ಊರಿನ ಜಮೀನನ್ನೂ ನೆನೆಯಿರಿ. ವಿದೇಶಿ ಪೌರತ್ವ ಪಡೆದ ಭಾರತೀಯ ಮೂಲದವರಿಗೆ ಕೊಡುವ ಓಸಿಐ ಕಾರ್ಡ್ ಇದ್ದವರು ಕೃಷಿ ಭೂಮಿ ಖರೀದಿಸುವಂತಿಲ್ಲ, ಪಿತ್ರಾರ್ಜಿತವಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು.

ಕೈಲಿರಬೇಕಾದ ಕಾಗದ

ಸೆಟಲ್‌ಮೆಂಟ್ ಅರ್ಜಿಗಳ ಅನುಭವ ಕಲಿಸಿದ ಪಾಠವೆಂದರೆ, ಇಂಥ ಹೊತ್ತಿನಲ್ಲಿ ವಾಸವಿದ್ದದ್ದಕ್ಕಿಂತ ಅದನ್ನು ರುಜುವಾತು ಮಾಡುವುದು ಕಷ್ಟ. ಬಾಡಿಗೆ ಕರಾರು, ಸಂಬಳದ ಚೀಟಿ, ತೆರಿಗೆ ಪತ್ರ, ವಿದ್ಯುತ್ ಬಿಲ್, ಮಕ್ಕಳ ಶಾಲೆಯ ಪತ್ರ, ವೈದ್ಯರ ನೋಂದಣಿ, ಎಲ್ಲವನ್ನೂ ವರ್ಷವಾರು ಇಟ್ಟುಕೊಳ್ಳಿ. ಕುಟುಂಬದ ಯಜಮಾನನ ಹೆಸರಿನಲ್ಲೇ ಎಲ್ಲ ಬಿಲ್ ಇದ್ದರೆ ಮನೆಯಾಕೆಗೆ ತಾನು ಅಲ್ಲಿದ್ದೆ ಎಂದು ತೋರಿಸುವುದು ಕಷ್ಟವಾಗುತ್ತದೆ. ಒಂದೆರಡು ಬಿಲ್ ಆದರೂ ಆಕೆಯ ಹೆಸರಿನಲ್ಲಿರಲಿ. ಬ್ರಿಟನ್ನಿನಲ್ಲಿ ಪ್ಲಾಸ್ಟಿಕ್ ವಾಸದ ಕಾರ್ಡುಗಳ ಅವಧಿ 2024ರ ಕೊನೆಗೆ ಮುಗಿದು ಎಲ್ಲ ಆನ್‌ಲೈನ್ ಇ-ವೀಸಾ ಆಗಿದೆ. ಪಾಸ್‌ಪೋರ್ಟ್ ಹೊಸದಾದರೆ ಆ ಖಾತೆಯಲ್ಲಿ ಸಂಖ್ಯೆ ಬದಲಾಯಿಸದಿದ್ದರೆ ವಿಮಾನ ಹತ್ತುವಾಗ ತೊಡಕಾಗುತ್ತದೆ. ಹಣ ಕೊಟ್ಟು ಸಲಹೆ ಪಡೆಯುವವರು, ಸಲಹೆಗಾರರು ಅಲ್ಲಿನ ‘ಇಮಿಗ್ರೇಷನ್ ಅಡ್ವೈಸ್ ಅಥಾರಿಟಿ’ಯಲ್ಲಿ ನೋಂದಾಯಿತರೇ ಅಥವಾ ವಕೀಲಿ ಮಾನ್ಯತೆ ಉಳ್ಳವರೇ ಎಂದು ಮೊದಲು ನೋಡಬೇಕು.

ನಿಮ್ಮ ಬಳಗದಲ್ಲಿ 2020 ಮುಗಿಯುವ ಮುನ್ನವೇ ಬ್ರಿಟನ್ನಿನಲ್ಲಿದ್ದು ಇನ್ನೂ ಸೆಟಲ್‌ಮೆಂಟ್ ಅರ್ಜಿ ಹಾಕದ ಯುರೋಪ್ ಪಾಸ್‌ಪೋರ್ಟಿನವರು ಇದ್ದರೆ, ಅವರ ವಯಸ್ಸಾದ ತಂದೆ ತಾಯಿಯೋ ಚಿಕ್ಕ ಮಕ್ಕಳೋ ಬಿಟ್ಟುಹೋಗಿದ್ದರೆ, ಗಡುವು ಮುಗಿಯಿತೆಂದು ಕೈಚೆಲ್ಲಬೇಡಿ. ತಡವಾದದ್ದಕ್ಕೆ ಸಕಾರಣವಿದ್ದರೆ ಅರ್ಜಿ ಹಾಕಲು ಇನ್ನೂ ಅವಕಾಶವಿದೆ. ಅರ್ಜಿ ಹಾಕಬೇಕೆಂದು ತಿಳಿದ ಕೂಡಲೇ ಹಾಕಿದ್ದೀರಾ ಎಂದು ಅಧಿಕಾರಿಗಳು ನೋಡುತ್ತಾರೆ, ಆದ್ದರಿಂದ ಇನ್ನೊಂದು ತಿಂಗಳೂ ಕಾಯಬೇಡಿ.